ನಿದ್ದೆ ಆಯ್ತೇನಮ್ಮಾ?

ಈಚೆಗೆ ಅಗ್ಗದ ಟಿಕೆಟ್ಟಿನ ವಿಮಾನವೊಂದು ಬಿದ್ದು ಜನ ಸತ್ತರಲ್ಲ, ಅದಾದ ವಾರಕ್ಕೇ ನಮ್ಮ ಡೆಲ್ಲಿ ಪ್ರಯಾಣ. ನಮ್ಮ ಟಿಕೆಟ್ಟೂ ಅಂಥದ್ದೇ. ನಮ್ಮೂರು ಬಿಳಿಕೆರೆಯ ಟೀ ಅಂಗಡಿಯಲ್ಲಿ ಎಲ್ಲರದೂ ಒಂದೇ ಮಾತು: "ಬ್ಯಾಡಿ ಬುಡಿ ಸಾ, ರೈಲಲ್ಲೋಗಿ."

ಕೊನೆಗೆ ವಿಮಾನದ ಬಾಗಿಲಿಗೆ ಬಂದು ನನ್ನಾಕೆ ನಿಂತೇಬಿಟ್ಟಳು. "ನಾ ಒಳಕ್ ಬರಲ್ಲ ಕಣ್ರೀ." ಹಿಂದಿನ ಸಾಲು ಗೊಣಗತೊಡಗಿತು.

ಆಗ ನನಗೆ ನೆನಪಾದದ್ದು ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೊರಡುತ್ತಿದ್ದ ಬೆಳಗಿನ ಮೊದಲ ಬಸ್ಸು. ನಾವು ಬಸ್ಸು ನೋಡಿ ಹತ್ತಿದವರಲ್ಲ, ಡ್ರೈವರ್ ಗೌಸ್ ಸಾಬರ ಕಣ್ಣು ನೋಡಿ ಹತ್ತಿದವರು. "ನಿದ್ದೆ ಆಯ್ತಾ ಸಾಬ್ರೇ?" ಎಂದು ಕೇಳದೆ ಯಾರೂ ಸೀಟು ಹಿಡಿಯುತ್ತಿರಲಿಲ್ಲ. "ಅರ್ಧಂಬರ್ಧ ಕಣ್ರೀ" ಎಂದರೋ, ಜನ ನನ್ನನ್ನು ಬಾನೆಟ್ಟಿನ ಪಕ್ಕ ಕೂರಿಸುತ್ತಿದ್ದರು. ಕೋಟೆ ಬರುವ ತನಕ ಮಾತಾಡಿ ಅವರನ್ನು ಎಚ್ಚರವಾಗಿಡುವುದು ನನ್ನ ಡ್ಯೂಟಿ. ಎಂಥ ಸುಖದ ದಿನಗಳವು! ನನ್ನ ಮಾತಿಗೆ ಇಡೀ ಬಸ್ಸೇ ಬೆಲೆ ಕೊಡುತ್ತಿತ್ತು.

ಕಾಕ್‌ಪಿಟ್ ಬಾಗಿಲಲ್ಲಿ ಪೈಲಟ್ ನಿಂತಿದ್ದಳು, ನಮ್ಮ ಮಗಳ ವಯಸ್ಸಿನವಳು. ಕೇಳಿಯೇಬಿಟ್ಟೆ: "ನಿದ್ದೆ ಆಯ್ತೇನಮ್ಮಾ?"

ಗಗನಸಖಿ ಗಾಬರಿಯಾದಳು. ಪೈಲಟ್ ಮಾತ್ರ ನಕ್ಕಳು. "ಚೆನ್ನಾಗಿ ಆಯ್ತು ಅಂಕಲ್. ಪ್ಯಾಸೆಂಜರ್ ಒಬ್ರು ಇದನ್ನ ಕೇಳಿದ್ದು ಇದೇ ಮೊದಲು."

ನನ್ನಾಕೆ ಆ ಹುಡುಗಿಯ ಕಣ್ಣನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗು ಬಿಗಿದು ಒಳಗೆ ನಡೆದಳು. ಬೆಲ್ಟು ಹಾಕಿಕೊಂಡು ನಾನು ಗೌಸ್ ಸಾಬರ ಕಥೆಗೆ ಬಾಯಿ ತೆರೆಯುವಷ್ಟರಲ್ಲಿ ಹೇಳಿದಳು:

"ಆ ಮಗೀಗೆ ನಿದ್ದೆ ಆಗೈತಂತೆ. ಇವತ್ತು ನಿಮಗೆ ಡ್ಯೂಟಿ ಇಲ್ಲ, ಸುಮ್ಕೆ ಕೂತ್ಕಳಿ."