ಚೌಕ ತಪ್ಪಿಸಿದ ಹಾಡುಗಳು

ಒಂದು ತಿಂಗಳು ಪುಕ್ಕಟೆ, ಆಮೇಲೆ ಚಂದಾ ಎಂದು ಬರೆದಿತ್ತು. ಪುಕ್ಕಟೆ ಎಂದರೆ ಗಜೇಂದ್ರಗಡದ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುವವನು ನಾನು. ಆ ಹಾಡಿನ ಆ್ಯಪನ್ನು ಫೋನಿಗೆ ಹಾಕಿಕೊಂಡು ಭಾನುವಾರ ಬೆಳಿಗ್ಗೆಯೇ ಪರೀಕ್ಷೆಗೆ ಕೂತೆ. ಬಾಯಿಂದ ಹೇಳಿದರೆ ಹಾಡು ಹುಡುಕಿಕೊಡುತ್ತದಲ್ಲ, ಅದಕ್ಕೆ ಯಾರ ಬಾಯಿ ಇಷ್ಟ ಎಂದು ನೋಡಬೇಕಿತ್ತು. ಹಳೆಯ ಹೆಡ್‌ಮಾಸ್ತರರ ಗಂಟಲಲ್ಲಿ ಗದರಿಸಿ ಕೇಳಿದೆ. ಬಸ್ ಕಂಡಕ್ಟರನ ಮೂಗಿನಲ್ಲಿ ಕೇಳಿದೆ. ಎದುರುಮನೆ ಕಾಕಾನ ಹಾಗೆ ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡೂ ಕೇಳಿದೆ. ಮೂವರಿಗೂ ಕೇಳಿದ ಹಾಡನ್ನೇ ಕೊಟ್ಟಿತು. ನನ್ನ ಸ್ವಂತ ದನಿಯಲ್ಲಿ ಕೇಳಿದಾಗ ಮಾತ್ರ ಏನೂ ಸಿಗಲಿಲ್ಲ ಎಂದಿತು.

ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅವ್ವ ನಕ್ಕಳು. “ಅದಕ್ಕೂ ಗೊತ್ತಾತು ನೋಡ, ನಿನಗ ನಿಂದು ಅಂತ ಒಂದು ದನಿ ಇಲ್ಲ ಅಂತ.”

ಅವ್ವ ನೇಯುತ್ತಿದ್ದುದು ಪಟ್ಟೇದ ಅಂಚಿನ ಹಸಿರು ಸೀರೆ, ಮೈತುಂಬ ಸಾಸಿವೆ ಬಣ್ಣದ ಗೆರೆಯ ಚೌಕ. ರೋಣದಲ್ಲಿರುವ ಅಕ್ಕನಿಗೆ ಏಳು ತಿಂಗಳು. ಶುಕ್ರವಾರ ಅವಳ ಕುಬಸ. ಬಸುರಿ ಮಗಳು ತಾನು ನೇಯ್ದ ಸೀರೆಯನ್ನೇ ಉಟ್ಟು ಕೂರಬೇಕು ಎಂಬುದು ಅವ್ವನ ಹಟ.

ಅವಳ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದು ನಾನೇ. ಆ್ಯಪು ತನಗೆ ತಿಳಿದಂತೆ ಒಂದರ ಹಿಂದೆ ಒಂದು ಹಾಡು ಹಚ್ಚುತ್ತ ಹೋಯಿತು, ಅವ್ವ ತಲೆದೂಗುತ್ತ ಲಾಳಿ ಎಸೆಯುತ್ತ ಹೋದಳು. ಸಂಜೆ ನೋಡಿದರೆ ಚೌಕಗಳು ಒಂದು ಉದ್ದ, ಒಂದು ಗಿಡ್ಡ, ಸಾಲಿ ಹುಡುಗರು ಫೋಟೋಕ್ಕೆ ನಿಂತ ಹಾಗೆ.

“ಎಷ್ಟ ಎಳಿಗೊಮ್ಮೆ ಬಣ್ಣ ಬದಲ್ ಮಾಡ್ತೀಬೇ?” ಎಂದೆ.

“ಯಾರ ಎಣಸ್ತಾರೋ? ಕೈಗೆ ಗೊತ್ತಿರತೈತಿ.”

ಕೈಗೆ ಹೇಳುವವರು ಯಾರು? ನನಗೆ ಅದೇ ಹುಳ ತಲೆ ಹೊಕ್ಕಿತು. ಸೋಮವಾರವೆಲ್ಲ ಕೆಟ್ಟದ್ದನ್ನು ಬಿಚ್ಚಿ, ಇಯರ್‌ಫೋನ್ ಮೂಲೆಗೆಸೆದು ಅವ್ವ ಮತ್ತೆ ನೇಯಲು ಕೂತಾಗ ಪಕ್ಕದಲ್ಲೇ ಕೂತು ನೋಡಿದೆ. ಎಂದಿನಂತೆ ಗುನುಗುತ್ತಿದ್ದಳು, ಅವಳ ತಾಯಿ ಬೀಸುವಾಗ ಹೇಳುತ್ತಿದ್ದ ಪದ. ಒಂದು ನುಡಿ ಮುಗಿಯುವುದಕ್ಕೂ ಅವಳ ಕೈ ಸಾಸಿವೆ ಬಣ್ಣದ ಲಾಳಿಗೆ ಹೋಗುವುದಕ್ಕೂ ಸರಿಹೋಗುತ್ತಿತ್ತು. ಒಂದು ನುಡಿ, ಒಂದು ಚೌಕ! ಆ್ಯಪಿನ ಹಾಡುಗಳಿಗೆ ಒಂದೊಂದಕ್ಕೂ ಒಂದೊಂದು ಅಳತೆ; ಕೈ ಪಾಪ ಅದನ್ನೇ ನಂಬಿತ್ತು.

ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರೆ ನಾನು ನಾನಾಗುತ್ತಿರಲಿಲ್ಲ. ಹೇಳಿಬಿಟ್ಟೆ. ಅವ್ವನ ಕೈ ನಿಂತಿತು. ಗುನುಗಿದರೆ ಎಣಿಕೆ ನೆನಪಾಗುತ್ತದೆ, ಎಣಿಸಿದರೆ ಪದ ಮರೆತುಹೋಗುತ್ತದೆ.

“ಇದನ್ನ ನನಗ್ಯಾಕ ಹೇಳಿದಿ?” ದನಿಯಲ್ಲಿ ನಗೆಯಿರಲಿಲ್ಲ. “ಶುಕ್ರವಾರ ಆಕಿಗೆ ಏನ್ ಉಡಸ್ಲಿ? ಅಂಗಡಿ ಸೀರಿ?”

ನನಗೆ ಬರುವ ವಿದ್ಯೆ ಒಂದೇ. ಗುಂಡಿಯ ಅಂಚಿನಲ್ಲಿ ಕೂತು ಅವಳದೇ ದನಿಯಲ್ಲಿ ಆ ಪದ ಗುನುಗತೊಡಗಿದೆ, ಸಾಲಿನ ಕೊನೆಗೊಮ್ಮೆ ಅವಳಂತೆ ಮೂಗೆಳೆದು.

“ನಾ ಹಂಗ ಮೂಗ ಎಳಿತೀನೇನೋ, ಮಂಗ್ಯಾ?”

“ಇದಕ್ಕಿಂತ ಭಾಳ ಬೇ. ಮರ್ಯಾದಿಗೆ ಕಮ್ಮಿ ಮಾಡೇನಿ.”

ಬೈಯುತ್ತಲೇ ಲಾಳಿ ಎಸೆದಳು. ಹಾಡುವುದು ನನ್ನ ಪಾಲಿಗೆ ಬಂದದ್ದರಿಂದ ಅವಳಿಗೆ ಎಣಿಕೆಯ ಗೊಡವೆ ಉಳಿಯಲಿಲ್ಲ; ಚೌಕಗಳು ನೆಟ್ಟಗಾದವು. ಮೂರು ದಿನ ನಾನೇ ಅವ್ವನಾಗಿದ್ದೆ. ಗುರುವಾರ ಮಾತ್ರ, ಕೊನೆಯ ಮೊಳದಲ್ಲಿ, ಬೇಸರ ಬಂದು ಒಂದು ನುಡಿಯನ್ನು ಅಕ್ಕನ ಅತ್ತೆಯ ದನಿಯಲ್ಲಿ ಹೇಳಿದೆ. ಅವರು ಏದುಸಿರು ಬಿಡುವಲ್ಲೆಲ್ಲ ನಾನೂ ಬಿಡುತ್ತ ಸಾಲು ಎಳೆದೆ. ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಲಾಳಿ ನಿಲ್ಲಲಿಲ್ಲ.

ಕುಬಸದ ದಿನ ಆ ಅತ್ತೆಯವರೇ ಸೀರೆಯನ್ನು ಬಿಡಿಸಿ ಬೆರಳಾಡಿಸಿದರು.

“ಭಾಳ ಚಲೋ ಬಂದೈತ್ರಿ. ಈ ಒಂದ್ ಚೌಕ ಯಾಕ್ರಿ ಇಷ್ಟ್ ಉದ್ದ?”

ನಾನು ಮಾಳಿಗೆಯ ತೊಲೆ ನೋಡಿದೆ.

“ಅದು ನಿಮ್ಮದ್ರಿ, ಬೀಗತ್ಯಾರ,” ಎಂದಳು ಅವ್ವ. “ನಿಮ್ಮನ್ನ ನೆನಸ್ಕೋಂತ ನೇಯ್ದದ್ದು.”

ಅತ್ತೆಗೆ ಖುಷಿಯೋ ಖುಷಿ. ಅಕ್ಕ ಆ ಚೌಕವನ್ನು ಒಳಸುತ್ತಿಗೆ ಹಾಕಿ, ಸೀರೆ ಉಟ್ಟುಕೊಂಡು, ಹಸೆಯ ಮೇಲೆ ಹೋಗಿ ಕೂತಳು.