ಅಕ್ಕನ ಚರ್ಮದ ಚೂರು

ನಾನು ಅಕ್ಕನಿಗೆ ಸುಳ್ಳು ಹೇಳಿದೆ. ತಿಳಿಯದೆ ಹೇಳಿದ್ದಲ್ಲ — ಅವಳ ಸಹಿ ಬೇಕಿತ್ತು, ಅದಕ್ಕೇ ಹೇಳಿದೆ.

ಶಾರದಕ್ಕ ಆಡೂರಿನಲ್ಲಿ ಅಂಗನವಾಡಿ ಟೀಚರ್ ಆಗಿದ್ದಳು. ಹಾನಗಲ್ಲಿನಿಂದ ಮಕ್ಕಳಿಗೆ ಮೊಟ್ಟೆ ತರುತ್ತಿದ್ದಾಗ ಟಂಟಂ ಆಟೋ ಉರುಳಿ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಏನೂ ತಿಳಿಯದಂತಾಯಿತು. ನಾನು ಆಗ ನಗರದ ಒಂದು ಪ್ರಯೋಗಾಲಯದಲ್ಲಿದ್ದೆ. ಮನುಷ್ಯರ ಚರ್ಮದ ಕೋಶಗಳನ್ನು, ಯಾವ ಅಂಗದ ಕೋಶವಾಗಿಯೂ ಬೆಳೆಯಬಲ್ಲ ಕಾಂಡಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ಬೆನ್ನುಹುರಿಯ ಪುಟ್ಟ ಮಾದರಿಗಳನ್ನು ಬೆಳೆಸುವುದು ನಮ್ಮ ಕೆಲಸ. ಅವಕ್ಕೆ ನಾವೇ ಗಾಯ ಮಾಡಿ, ಯಾವ ಔಷಧಕ್ಕೆ ನರಗಳು ಮತ್ತೆ ಚಿಗುರುತ್ತವೆ ಎಂದು ನೋಡುತ್ತಿದ್ದೆವು. ಬೆನ್ನುಹುರಿಗೆ ಪೆಟ್ಟಾದವರ ಚರ್ಮ ಬೇಕಿತ್ತು. ಕೇಳಿದವರು ಯಾರೂ ಒಪ್ಪಿರಲಿಲ್ಲ. ಅಕ್ಕನ ಹೆಸರನ್ನು ನಾನೇ ಮುಂದಿಟ್ಟೆ.

ಒಪ್ಪಿಗೆ ಪತ್ರವನ್ನು ಅವಳಿಗೆ ಓದಿ ಹೇಳಿದವಳೂ ನಾನೇ. ಅಕ್ಕನಿಗೆ ಓದಲು ಬರುತ್ತಿತ್ತು, ಆದರೆ ತಂಗಿ ಇರುವಾಗ ತಾನೇಕೆ ಓದಬೇಕು ಎಂದುಕೊಂಡಳೋ ಏನೋ... ‘ಇದರಿಂದ ನಿಮಗೆ ಯಾವ ಚಿಕಿತ್ಸೆಯೂ ದೊರೆಯುವುದಿಲ್ಲ’ ಎಂಬ ಸಾಲು ಬಂತು. ನಾನು ಹಾಳೆ ತಿರುವಿಬಿಟ್ಟೆ.

ಪೆನ್ನು ಹಿಡಿದುಕೊಂಡೇ ಕೇಳಿದಳು: “ಮಂಜು, ಇದರಿಂದ ನನ್ನ ಕಾಲು ಬರ್ತಾವೇನು?”

“ಬರ್ತಾವ ಅಕ್ಕಾ. ಸ್ವಲ್ಪ ತಡ ಆಕ್ಕೈತಿ, ಅಷ್ಟ.”

ತೋಳಿನಿಂದ ಒಂದು ಚೂರು ಚರ್ಮ ತೆಗೆದರು. ಅವಳು ನಗುತ್ತಲೇ ಊರಿಗೆ ಹೋದಳು.

ಕೆಲವು ತಿಂಗಳ ಮೇಲೆ ಅಂಗನವಾಡಿ ಮೇಲ್ವಿಚಾರಕಿಯೊಬ್ಬರು ಮನೆಗೇ ಬಂದು, “ಕುಂತು ಮಾಡೂ ಕೆಲಸ ಐತ್ರಿ ಟೀಚರ್, ಹಾನಗಲ್ ಆಫೀಸಿಗೆ ಬರ್ರಿ” ಎಂದು ಕರೆದರಂತೆ. ಅಕ್ಕ ಒಲ್ಲೆ ಎಂದಳು. ತಾನು ಎದ್ದು ನಿಂತು ಮಕ್ಕಳ ಹತ್ತಿರವೇ ಹೋಗುತ್ತೇನೆಂದಳು. ಗಾಲಿಕುರ್ಚಿಯನ್ನೂ ಬೇಡವೆಂದಳು. ಫೋನಿನಲ್ಲಿ ಇದನ್ನೆಲ್ಲ ಕೇಳಿದೆ — ಆಗಲಾದರೂ ಹೇಳಬಹುದಿತ್ತು. ಆ ಕೆಲಸ ಬೇರೆಯವರಿಗೆ ಹೋಯಿತು.

ಅವಳ ಕೋಶಗಳು ಮಾತ್ರ ಚೆನ್ನಾಗಿ ಬೆಳೆದವು. ಗಾಯ ಮಾಡಿದಲ್ಲಿ ಎಳೆ ನರಗಳು ಹೊರಟಿದ್ದನ್ನು ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡವಳು ನಾನು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದೇ ಅಕ್ಕ ಫೋನ್ ಮಾಡಿದಳು.

“ನಂದು ಎಷ್ಟು ದೊಡ್ಡದಾಗೈತಿ?”

“ಜ್ವಾಳದ ಕಾಳಿನಷ್ಟು.”

“ಬೆಳೀಲಿ ಬಿಡು. ನಾ ಕಾಯ್ತೇನಿ.”

ಅದು ಅದಕ್ಕಿಂತ ದೊಡ್ಡದಾಗುವಂಥದ್ದಲ್ಲ. ದೊಡ್ಡದಾದರೂ ಅದನ್ನು ಅವಳ ಬೆನ್ನಿಗೆ ಕೂಡಿಸುವುದು ಹೇಗೆಂದು ನನಗೆ — ನಮ್ಮಲ್ಲಿ ಯಾರಿಗೂ — ಗೊತ್ತಿಲ್ಲ.

ಹೋದ ತಿಂಗಳು ಆಡೂರಿಗೆ ಹೋಗಿ, ಹಾಸಿಗೆಯ ಪಕ್ಕ ಕೂತು, ಎಲ್ಲವನ್ನೂ ಹೇಳಿದೆ.

“ಯಾವಾಗಿಂದ ಗೊತ್ತಿತ್ತು ನಿನಗ?”

“ಮೊದಲಿಂದನ.”

ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ — ಇಲ್ಲ, ಅದನ್ನು ಬಯಸುವ ಹಕ್ಕೂ ನನಗಿಲ್ಲ. ಅಕ್ಕ ಮಂಚದ ಅಂಚು ಹಿಡಿದು, ಕಷ್ಟಪಟ್ಟು, ಮುಖವನ್ನೂ ಎದೆಯನ್ನೂ ಗೋಡೆಯ ಕಡೆ ಹೊರಳಿಸಿದಳು. ಕಾಲುಗಳು ನನ್ನ ಕಡೆಗೇ ಉಳಿದವು.

“ಅವನ್ನೂ ಹೊಳ್ಳಿಸು,” ಎಂದಳು.

ಎರಡೂ ಕೈಯಿಂದ ಎತ್ತಿ, ಒಂದೊಂದಾಗಿ, ಆ ಕಡೆ ಹೊರಳಿಸಿದೆ.