ಗಾಜು ಏರಿಸಿಕೊಂಡು ಬೋಳಾರಕ್ಕೆ

ನನ್ನ ಗಂಡ ಕುವೈತಿನಿಂದ ಹಡಗಿನಲ್ಲಿ ತಂದ ಆ ಕೆಂಪು ಅಮೆರಿಕನ್ ಸ್ಪೋರ್ಟ್ಸ್ ಕಾರನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಹೆದರಿಕೆ. ನೆಲಕ್ಕೆ ಅಂಟಿಕೊಂಡೇ ಓಡುವ ಕಾರು. ಅದರಲ್ಲಿ ಕೂರುವುದಲ್ಲ, ಬೀಳುವುದು. ಸ್ಟಿಯರಿಂಗ್ ಬೇರೆ ಎಡಗಡೆ. ಬಲಗಡೆ ಕೂತವರ ಮೈಮೇಲೇ ಎದುರಿನ ಬಸ್ಸುಗಳೆಲ್ಲ ನುಗ್ಗಿ ಬಂದ ಹಾಗೆ ಕಾಣುತ್ತಿತ್ತು. ಗಂಡ ರಜೆ ಮುಗಿಸಿ ವಾಪಸು ಹೋದರು, ಕಾರು ನನ್ನ ಅಣ್ಣನ ಕುತ್ತಿಗೆಗೆ ಬಿತ್ತು. ಎಂಬತ್ತರ ದಶಕದ ಮಾತು. ನನಗಾಗ ಏಳು ತಿಂಗಳು, ಚೊಚ್ಚಲು.

ಅಣ್ಣನಿಗೆ ನನ್ನ ತವರೂರು ಬೋಳಾರದಲ್ಲಿ ಗ್ಯಾರೇಜ್ ಇತ್ತು. ಈ ಕಾರಿನ ಸೈಲೆನ್ಸರ್ ಪೈಪಿನ ನಡುವೆ ಒಂದು ತಗಡಿನ ಡಬ್ಬಿ, ಹೊಗೆ ಸೋಸುವ ಕನ್ವರ್ಟರ್. ಸೀಸ ಬೆರೆತ ನಮ್ಮೂರಿನ ಪೆಟ್ರೋಲು ಅದಕ್ಕೆ ಆಗಿಬರಲಿಲ್ಲ. ಡಬ್ಬಿ ಕಟ್ಟಿಹೋಗಿ ಕೆಂಡದ ಹಾಗೆ ಕೆಂಪಾಗಿ, ಕಾರಿನ ತಳದ ತೂತಿನ ರಬ್ಬರು ಮುಚ್ಚಳವನ್ನೂ ಅದರ ಮೇಲಿನ ಮ್ಯಾಟನ್ನೂ ಸುಟ್ಟಿತು. ಅಣ್ಣ ಡಬ್ಬಿಯನ್ನು ಕತ್ತರಿಸಿ ಎಸೆದು, ಆ ಜಾಗಕ್ಕೆ ಬರೇ ಒಂದು ಪೈಪಿನ ತುಂಡು ಕೂರಿಸಿ ಎರಡೂ ಕಡೆ ಕ್ಲಾಂಪ್ ಬಿಗಿದ. ಆದರೆ ಅವನ ಜೀವವೆಲ್ಲ ಇದ್ದದ್ದು ಗೇರ್‌ಬಾಕ್ಸಿನ ಆಯಿಲಿನ ಮೇಲೆ.

"ಬಸ್ಸಿಗೆ ಹಾಕುವ ಆಯಿಲ್ ಇದಕ್ಕೆ ಹಾಕಿದ್ರೆ ಗಂಜಿ ಕುಡಿದವರ ಹಾಗೆ ಆಗ್ತದೆ ಗೇರು. ತೆಳು ಆಯಿಲೇ ಬೇಕು, ಗೊತ್ತುಂಟಾ?" ಎಂದು ಎರಡು ಬೆರಳ ನಡುವೆ ಎಣ್ಣೆ ತಿಕ್ಕಿ ತಿಕ್ಕಿ ತೋರಿಸಿದ. ನನಗೆ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದೂ ಇರಲಿಲ್ಲ.

ಬಯಕೆಯ ದಿನ ಅಮ್ಮನನ್ನು ಕೂರಿಸಿಕೊಂಡು ಅವನು ಅದೇ ಕಾರಿನಲ್ಲಿ ಕಾವೂರಿನ ನನ್ನ ಗಂಡನ ಮನೆಗೆ ಬಂದ. ಬಯಕೆಯ ಊಟ ಮುಗಿದ ಮೇಲೆ ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುವುದು ನಮ್ಮಲ್ಲಿ ಕ್ರಮ. ಹೆಗಲು ತುಂಬ ಮಲ್ಲಿಗೆ, ಕೈ ತುಂಬ ಹಸಿರು ಬಳೆ. ಅಮ್ಮ ಹಿಂದಿನ ಸೀಟಿಗೆ ಮೈ ಮಡಚಿಕೊಂಡು ಹತ್ತಿದರು. ಆ ಸೀಟಿನ ಪಕ್ಕದ ಗಾಜು ತೆಗೆಯಲು ಬರುವಂಥದ್ದಲ್ಲ.

"ಮಗಾ, ನಿನ್ನ ಬದಿಯ ಗಾಜು ಏರಿಸು. ಅಣ್ಣನದ್ದೂ. ಮನೆ ಮುಟ್ಟುವವರೆಗೆ ತೆಗೀಬಾರದು."

"ಸೆಕೆ ಅಮ್ಮ!"

"ಹೂ ಮುಡಿದ ಬಸುರಿ. ದಾರಿಯಲ್ಲಿ ಎಂತೆಂತದ್ದೋ ಇರ್ತದೆ, ಸೋಂಕಿದ್ರೆ ಮಗುವಿಗೆ ಕೇಡು. ಸುಮ್ಮನೆ ಕೂತುಕೋ."

ಕೈಯಲ್ಲಿ ಕಬ್ಬಿಣವೂ ಇರಬೇಕೆಂದರು. ಚೂರಿ ಸಿಗದೆ ಅಣ್ಣ ನನಗೊಂದು ಸ್ಪ್ಯಾನರ್ ಕೊಟ್ಟ. ಪಟ್ಟೆ ಸೀರೆಯುಟ್ಟು ಸ್ಪ್ಯಾನರ್ ಹಿಡಿದು ಹೊರಟವಳು ಮಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು.

ಎಡಗಡೆ ಕೂತ ಅಣ್ಣನಿಗೆ ಮುಂದಿನ ಲಾರಿಯ ಆಚೆ ಏನೂ ಕಾಣುತ್ತಿರಲಿಲ್ಲ. ಅವನ ಕಣ್ಣು ನಾನೇ. "ಎದುರು ಉಂಟಾ?" ಎನ್ನುತ್ತಾನೆ. ನಾನು ಕತ್ತು ಚಾಚಿ ನೋಡಿ "ಇಲ್ಲ, ಹೋಗು" ಎನ್ನಬೇಕು. ಆಗ ಅವನು ಗೇರು ಬದಲಿಸಿ, "ನೋಡಿದೆಯಾ, ಬೆಣ್ಣೆ!" ಎನ್ನುತ್ತಾನೆ. ಹಿಂದಿನಿಂದ ಅಮ್ಮನ ಬಾಯಿ ನಿಂತದ್ದೇ ಇಲ್ಲ. ಹೋಳಿಗೆಗೆ ಬೆಲ್ಲ ಕಮ್ಮಿಯಾದದ್ದು, ನನ್ನ ಅತ್ತೆ ಸರಿಯಾಗಿ ಮಾತಾಡಿಸದೇ ಇದ್ದದ್ದು, ಎಲ್ಲ ಬಂತು.

ಯೆಯ್ಯಾಡಿ ಹತ್ತಿರವಾಗುವಾಗ ನನ್ನ ನೆತ್ತಿ ಸಿಡಿಯತೊಡಗಿತು. ಮಲ್ಲಿಗೆಯ ಘಾಟೆಂದುಕೊಂಡೆ. ಆ ಪರಿಮಳದಡಿಯಲ್ಲಿ ಬೇರೇನಾದರೂ ವಾಸನೆ ಇದ್ದರೂ ನಮಗೆ ಗೊತ್ತಾಗುವಂತಿರಲಿಲ್ಲ.

"ಎದುರು ಉಂಟಾ?"

ನೋಡಿದೆ. ರಸ್ತೆ ಕಂಡಿತು, ಬಿಸಿಲು ಕಂಡಿತು. "ಇಲ್ಲ, ಹೋಗು" ಎಂದೆ.

ಅಣ್ಣ ಕಾರನ್ನು ಲಾರಿಯ ಹಿಂದಿನಿಂದ ಹೊರಗೆ ತಂದ. ಎದುರಿಗೆ ಬಸ್ಸು! ಅದು ಮೊದಲೇ ಅಲ್ಲಿತ್ತು, ನಾನದನ್ನು ನೋಡಿಯೂ ಇದ್ದೆ. ನೋಡಿದ್ದು ತಲೆಗೆ ಹತ್ತಿರಲಿಲ್ಲ ಅಷ್ಟೆ. ಹಾರ್ನು ಕಿವಿ ಸೀಳಿತು. ಅಣ್ಣ ಬ್ರೇಕು ತುಳಿದು ಕಾರನ್ನು ಲಾರಿಯ ಹಿಂದಕ್ಕೆ ಎಳೆದುಕೊಂಡ.

"ಕೊಲ್ತೀಯಾ ಮಾರಾಯ್ತಿ? ಕಣ್ಣು ಎಲ್ಲಿ ಇಟ್ಟದ್ದು?"

ಬಾಯಿಗೆ ಬಂದದ್ದನ್ನು ಬೈಯಬೇಕೆಂದರೆ ನಾಲಿಗೆ ಏಳಲಿಲ್ಲ. ಕೈಯ ಸ್ಪ್ಯಾನರ್ ಯಾವಾಗಲೋ ಕಾಲಬುಡಕ್ಕೆ ಬಿದ್ದಿತ್ತು. ಆಗ ಇನ್ನೊಂದು ಹೊಳೆಯಿತು. ಇಷ್ಟಾದರೂ ಅಮ್ಮ ಒಂದು ಮಾತೂ ಆಡಲಿಲ್ಲ. ನನ್ನ ಅಮ್ಮ! ನಾಯಿ ಅಡ್ಡ ಬಂದರೂ ಊರೆಲ್ಲ ಕೇಳುವ ಹಾಗೆ ದೇವರನ್ನು ಕರೆಯುವವರು.

ತಿರುಗಿ ನೋಡಿದೆ. ಅವರ ತಲೆ ಗಾಜಿಗೆ ಒರಗಿತ್ತು. ಬಾಯಿ ಅರೆತೆರೆದಿತ್ತು.

"ಅಮ್ಮಾ!" ಎಚ್ಚರವಿಲ್ಲ. ಭಯದಲ್ಲಿ ನನ್ನ ಕೈ ಹೊಟ್ಟೆಗೆ ಹೋಯಿತು. ಊಟದ ಹೊತ್ತಿಗೆ ಒದ್ದು ಒದ್ದು ಸಾಕುಮಾಡಿದ್ದ ಮಗು ಈಗ ಸುಮ್ಮನಿತ್ತು. ಎಷ್ಟು ಹೊತ್ತಿನಿಂದ ಸುಮ್ಮನಿದೆ? ನನಗೆ ನೆನಪಾಗಲಿಲ್ಲ. ಗಾಜಿನ ಹಿಡಿಕೆ ಸಿಕ್ಕಿತು. ತೆಗೆದರೆ ಮಗುವಿಗೆ ಕೇಡು ಎಂದವರು ಅಮ್ಮ. ತೆಗೆಯದಿದ್ದರೆ ಅಮ್ಮನೇ ಉಳಿಯಲಿಕ್ಕಿಲ್ಲ ಅನಿಸಿತು. ತಿರುಗಿಸಿದೆ, ಬಳೆ ಒಡೆಯುವಷ್ಟು ಜೋರಾಗಿ ತಿರುಗಿಸಿದೆ.

"ನಿಲ್ಲಿಸು! ಅಣ್ಣಾ, ನಿಲ್ಲಿಸು!"

ರಸ್ತೆಬದಿಯ ಮರದಡಿ ಇಬ್ಬರೂ ಸೇರಿ ಅಮ್ಮನನ್ನು ಹೊರಗೆಳೆದೆವು. ಅಣ್ಣ ಕಾರಿನಡಿಗೆ ಬಗ್ಗಿ ನೋಡಿದ. ಅಮ್ಮನ ಸೀಟಿನ ಕಡೆಯ ಕ್ಲಾಂಪ್ ಜಾರಿ, ಕಣ್ಣಿಗೆ ಕಾಣದ ವಿಷದ ಹೊಗೆಯೆಲ್ಲ ಸುಟ್ಟ ಮ್ಯಾಟಿನ ತೂತಿನಿಂದ ಒಳಗೇ ಬರುತ್ತಿತ್ತು. ಅವನ ಮುಖ ಬಿಳಿಚಿಹೋಯಿತು. ಬೆಣ್ಣೆಯ ಮಾತು ಮತ್ತೆ ಆಡಲಿಲ್ಲ.

ಅಮ್ಮ ಕಣ್ಣು ಬಿಟ್ಟರು. ನನ್ನನ್ನು ನೋಡಿದರು, ಕಾರನ್ನು ನೋಡಿದರು.

"ಗಾಜು ತೆಗೆದದ್ದು ಯಾರು?"

"ನಾನು," ಎಂದು ಅತ್ತುಬಿಟ್ಟೆ. "ಮಗು ಅಲ್ಲಾಡ್ತಾ ಇಲ್ಲ ಅಮ್ಮ."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಧೈರ್ಯವಾದರೂ ಬರುತ್ತಿತ್ತು. ಅಣ್ಣ ಅದೇ ಸ್ಪ್ಯಾನರಿನಿಂದ ಕ್ಲಾಂಪ್ ಬಿಗಿದು ಮೇಲಿಂದ ತಂತಿ ಸುತ್ತಿದ. ಆಟೋ ಒಂದೂ ಸಿಗದೆ ಅದರಲ್ಲೇ ಹೊರಟೆವು, ಗಾಜು ಪೂರ್ತಿ ಇಳಿಸಿ. ಅಮ್ಮ ಹಿಂದಿನಿಂದ ಕೈ ಚಾಚಿ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಅಣ್ಣ ಒಂದು ಗಾಡಿಯನ್ನೂ ಹಿಂದೆ ಹಾಕಲಿಲ್ಲ, ಸೈಕಲ್ಲನ್ನೂ ಸಹ.

ಬೋಳಾರದ ತಿರುವಿನಲ್ಲಿ ಆರತಿ ಹಿಡಿದು ಕಾಯುತ್ತಿದ್ದ ನೆರೆಮನೆಯ ಹೆಂಗಸರು ಕಂಡರು. ಗಾಜು ಇಳಿಸಿ ಬಸುರಿಯನ್ನು ತಂದರೆಂದು ನಾಳೆ ಅಮ್ಮನಿಗೇ ಮಾತು ಬರುತ್ತದೆ. ನಾನು ಹಿಡಿಕೆಗೆ ಕೈ ಹಾಕಿದೆ. ಅಷ್ಟರಲ್ಲಿ ಅಮ್ಮನ ಅಂಗೈಯಡಿ ಒಂದು ಒದೆ ಬಿತ್ತು, ಹಿಂದೆಯೇ ಇನ್ನೊಂದು.

ಅಮ್ಮ ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದರು.

"ಗಾಜು ಏರಿಸಬೇಡ ಮಗಾ," ಎಂದರು. "ನೋಡುವವರು ನೋಡಲಿ."